ಹೊಂಗೆ ಎಲೆ ಒಳಗಿನ ಬೂಷ್ಟು

ನಮ್ಮೂರಿಗೆ ಕೊರಟಗೆರೆ ಕಡೆಯಿಂದ ಬರೋ ದಾರೀಲಿ ಕೆರೆ ಏರಿ ದಾಟಿದ್ರೆ ಎಡಗಡೆ ಐದು ಹೊಂಗೆ ಮರ ಸಾಲಾಗಿ ಸಿಗ್ತಾವೆ, ಮೂರನೇ ಮರದ ಬುಡದಲ್ಲಿ ಬಸ್ಸಿಗೆ ಕಾಯೋರು ಕೂರೋಕೆ ಒಂದು ಚಪ್ಪಡಿ ಕಲ್ಲಿದೆ. ಹೋದ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ ಆ ಕಲ್ಲಿನ ಮೇಲೆ ನಿಂತು ಎಲೆ ಕೀಳ್ತಿದ್ದೆ. ಅಲ್ಲೇ ಕೂತಿದ್ದ ಅಜ್ಜಿ "ಗದ್ದೆಗೆ ಸೊಪ್ಪಾ?" ಅಂದ್ರು. ಇಲ್ಲಜ್ಜಿ, ಈ ಎಲೆ ಒಳಗೆ ಬೂಷ್ಟು ಇರುತ್ತೆ, ಅದನ್ನ ಆಚೆ ತಗೀಬೇಕು ಅಂದೆ. ಅವರು ಒಂದು ಎಲೆ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿ, "ಎಲ್ಲೈತಮ್ಮ ಬೂಷ್ಟು, ಎಲೆ ಕನ್ನಡಿ ಇದ್ದಂಗೈತಲ್ಲ" ಅಂದ್ರು.

ಅಜ್ಜಿ ಅಂದಿದ್ದು ಸರಿ, ಕಾಣಬಾರದು. ಕಂಡ್ರೆ ಅದನ್ನ ರೋಗ ಅಂತೀವಿ, ಚುಕ್ಕೆ ರೋಗ, ಬೂದಿ ರೋಗ, ತುಕ್ಕು ರೋಗ ಅಂತ ಒಂದೊಂದಕ್ಕೆ ಒಂದೊಂದು ಹೆಸರಿಡ್ತೀವಿ. ಗಿಡದ ಒಳಗೆ, ಎಲೆಯ ಜೀವಕೋಶಗಳ ನಡುವಿನ ಸಂದಿನಲ್ಲಿ, ಗಿಡಕ್ಕೆ ಏನೂ ತೊಂದರೆ ಕಾಣದ ಹಾಗೆ ವಾಸ ಮಾಡೋ ಬೂಷ್ಟಿಗೆ, ಅಂದ್ರೆ ಫಂಗಸ್‌ಗೆ ಎಂಡೋಫೈಟ್ ಅಂತಾರೆ. ಈ ಪದ ಜರ್ಮನಿಯ ಆಂಟನ್ ಡಿ ಬ್ಯಾರಿ 1866ರಲ್ಲೇ ಬಳಸಿದ್ದು. ಇವತ್ತಿನವರೆಗೆ ಯಾವ ಗಿಡ ಹುಡುಕಿದ್ರೂ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದು ಸಿಕ್ಕಿದೆ, ಬೇವು, ತುಳಸಿ, ಮಾವು, ರಾಗಿ, ಏನೇ ತಗೊಳ್ಳಿ. ನಮ್ಮ ಪಕ್ಕದ ಚೆನ್ನೈನಲ್ಲಿ ಟಿ.ಎಸ್. ಸೂರ್ಯನಾರಾಯಣನ್ ಅವರು ನಮ್ಮ ಕಾಡು ಮರಗಳ ಎಂಡೋಫೈಟ್‌ಗಳ ಮೇಲೆ ಎಷ್ಟೋ ವರ್ಷದಿಂದ ಕೆಲಸ ಮಾಡಿದ್ದಾರೆ, ಅವರ ಪೇಪರ್‌ಗಳನ್ನ ಓದಿದ ಮೇಲೇನೇ ನನಗೆ ಈ ಹುಚ್ಚು ಹತ್ತಿದ್ದು.

ನಾನು ತುಮಕೂರಲ್ಲಿ ಒಂದು ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ತೀನಿ, ಸಂಜೆ ನಾಲ್ಕರ ಮೇಲೆ ಲ್ಯಾಬ್ ಖಾಲಿ ಇರುತ್ತೆ, ಆ ಹೊತ್ತಲ್ಲಿ ಇದು. ಸಿದ್ಧರಬೆಟ್ಟಕ್ಕೋ ದೇವರಾಯನದುರ್ಗಕ್ಕೋ ಹೋಗ್ಬಹುದಿತ್ತಲ್ಲ, ಅಲ್ಲಿ ಔಷಧಿ ಗಿಡ ಬೇಕಾದಷ್ಟಿವೆ ಅಂತ ಎಲ್ಲರೂ ಕೇಳ್ತಾರೆ. ಕಾಡಲ್ಲಿ ಪರ್ಮಿಶನ್ ಇಲ್ಲದೆ ಒಂದು ಎಲೆ ಕೂಡ ಕೀಳೋ ಹಾಗಿಲ್ಲ, ಕೀಳಲೂ ಬಾರದು. ಅದೂ ಅಲ್ಲದೆ ನನಗೆ ಬೇಕಿದ್ದು ಔಷಧಿ ಅಲ್ಲ, ಎಂಜೈಮ್, ಅಂದ್ರೆ ಜೀವಿಗಳು ಪಿಷ್ಟ, ಎಣ್ಣೆ ಥರದ್ದನ್ನ ಒಡೆಯೋಕೆ ಬಳಸೋ ಪ್ರೋಟೀನ್. ಅದಕ್ಕೆ ದಿನಾ ಕಣ್ಣಿಗೆ ಬೀಳೋ ಮರ ಸಾಕು, ಇನ್ನೂ ಹೇಳ್ಬೇಕು ಅಂದ್ರೆ ಅದೇ ಒಳ್ಳೇದು, ಯಾಕಂದ್ರೆ ಮತ್ತೆ ಮತ್ತೆ ಅದೇ ಮರಕ್ಕೆ ವಾಪಸ್ ಹೋಗ್ಬಹುದು.

ಎಂಜೈಮ್‌ಗೂ ಎಲೆ ಒಳಗಿನ ಫಂಗಸ್‌ಗೂ ಏನು ಸಂಬಂಧ ಅಂದ್ರೆ, ಸ್ವಲ್ಪ ಆ ಫಂಗಸ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ಫಂಗಸ್‌ಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಅದು ಊಟವನ್ನ ಹೊರಗಡೆನೇ ಅರಗಿಸಿಕೊಂಡು ಆಮೇಲೆ ಹೀರಿಕೊಳ್ಳೋದು, ಅರಗಿಸೋಕೆ ಎಂಜೈಮ್‌ಗಳನ್ನ ತನ್ನ ದಾರದಂಥ ಮೈಯಿಂದ ಆಚೆಗೆ ಬಿಡುತ್ತೆ. ಎಲೆ ಹಸಿರಾಗಿದ್ದಷ್ಟು ದಿನ ಗಿಡದ ಕಾವಲು ಇರುತ್ತೆ, ಸಂದಿನಲ್ಲಿ ಸಿಕ್ಕ ಚೂರುಪಾರಲ್ಲಿ ಬದುಕುತ್ತೆ. ಎಲೆ ಹಣ್ಣಾಗಿ ಉದುರಿತು ಅನ್ನಿ, ನೆಲದ ಮೇಲಿನ ಬೇರೆ ಫಂಗಸ್‌ಗಳು ಬರೋ ಮೊದಲೇ ಇದು ಮನೆ ಒಳಗಿದೆ, ಹಾಗಾಗಿ ಮೊದಲ ಪಂಕ್ತಿ ಊಟ ಇದರದ್ದೇ. ಸೆಲ್ಯುಲೋಸ್ ಒಡೆಯೋ ಸೆಲ್ಯುಲೇಸ್, ಪೆಕ್ಟಿನ್ ಕರಗಿಸೋ ಪೆಕ್ಟಿನೇಸ್, ಪಿಷ್ಟ ಒಡೆಯೋ ಅಮೈಲೇಸ್, ಎಣ್ಣೆ ಒಡೆಯೋ ಲೈಪೇಸ್, ಪ್ರೋಟೀನ್ ಒಡೆಯೋ ಪ್ರೋಟಿಯೇಸ್, ಲಿಗ್ನಿನ್ ಮೇಲೆ ಕೈ ಹಾಕೋ ಲ್ಯಾಕೇಸ್, ಇಷ್ಟೂ ಸಾಮಾನು ರೆಡಿ ಇಟ್ಕೊಂಡು ಕಾಯ್ತಿರುತ್ತೆ. ಇದೇ ಸಾಮಾನು ಬಟ್ಟೆ ಮಿಲ್ಲಿಗೆ, ಪೇಪರ್ ಮಿಲ್ಲಿಗೆ, ಡಿಟರ್ಜೆಂಟಿಗೆ, ಬೇಕರಿಗೆ, ಜ್ಯೂಸ್ ಫ್ಯಾಕ್ಟರಿಗೆ, ಚರ್ಮ ಹದ ಮಾಡೋರಿಗೆ ಬೇಕಾಗಿರೋದು.

ಯುಗಾದಿ ಎಲೆಯಿಂದ ನನಗೆ ಏನೂ ಸಿಗಲಿಲ್ಲ. ಹೊಸ ಚಿಗುರಲ್ಲಿ ಎಂಡೋಫೈಟ್ ಬಹಳ ಕಮ್ಮಿ, ಯಾಕಂದ್ರೆ ಮರಗಳಲ್ಲಿ ಇವು ಬಹುಪಾಲು ಗಾಳಿ ಮಳೆ ಜೊತೆ ಸ್ಪೋರ್ ಆಗಿ, ಅಂದ್ರೆ ಬೀಜದಂಥ ಸಣ್ಣ ಕಣವಾಗಿ ಬಂದು ಎಲೆ ಮೇಲೆ ಕೂತು ಆಮೇಲೆ ಒಳಗೆ ಹೋಗೋದು, ಎಲೆಗೆ ವಯಸ್ಸಾದಷ್ಟೂ ಒಕ್ಕಲು ಜಾಸ್ತಿ. ಇದನ್ನ ಓದಿದ್ದೆ, ಆದ್ರೆ ಎಲೆ ಚೆಂದ ಇದೆ ಅಂತ ಚಿಗುರನ್ನೇ ಕಿತ್ತಿದ್ದೆ. ದೀಪಾವಳಿ ಹೊತ್ತಿಗೆ ಮಳೆ ಪೂರ್ತಿ ಕುಡಿದು ಗಟ್ಟಿಯಾಗಿದ್ದ ಹಳೇ ಎಲೆ ತಂದೆ, ಗಂಟು ಗಂಟಾಗಿದ್ದ ಎಲೆಗಳನ್ನ ಬಿಟ್ಟು. ಹೊಂಗೆ ಎಲೆ ಮೇಲೆ ಆ ಗಂಟು ಬರೋದು ಕಣ್ಣಿಗೆ ಕಾಣದ ಒಂದು ನುಸಿಯಿಂದ, ಅಂಥ ಎಲೆ ತಗೊಂಡ್ರೆ ಲೆಕ್ಕ ಎಲ್ಲ ತಪ್ಪುತ್ತೆ.

ಎಲೆ ತಂದ ದಿನಾನೇ ಕೆಲಸ ಮಾಡ್ಬೇಕು, ನಾಳೆಗೆ ಇಟ್ರೆ ಆಗಲ್ಲ. ನಲ್ಲಿ ನೀರಲ್ಲಿ ಧೂಳು ಹೋಗೋ ಹಾಗೆ ತೊಳೆದು, 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒಂದು ನಿಮಿಷ, ಆಮೇಲೆ ಸೋಡಿಯಂ ಹೈಪೋಕ್ಲೋರೈಟಲ್ಲಿ, ಅಂದ್ರೆ ಬ್ಲೀಚಲ್ಲಿ, ಎರಡು ಮೂರು ನಿಮಿಷ, ಮತ್ತೆ ಆಲ್ಕೋಹಾಲಲ್ಲಿ ಅರ್ಧ ನಿಮಿಷ, ಕೊನೆಗೆ ಆಟೋಕ್ಲೇವ್ ಮಾಡಿದ, ಅಂದ್ರೆ ಒತ್ತಡದ ಹಬೇಲಿ ಕ್ರಿಮಿ ಕೊಂದ ನೀರಲ್ಲಿ ಮೂರು ಸಲ. ಇಷ್ಟೆಲ್ಲ ಯಾಕೆ ಅಂದ್ರೆ ಎಲೆ ಮೇಲಿರೋ ಫಂಗಸ್ ಎಲ್ಲ ಸಾಯ್ಬೇಕು, ಒಳಗಿರೋದು ಮಾತ್ರ ಉಳೀಬೇಕು. ಜಾಸ್ತಿ ಹೊತ್ತು ಇಟ್ರೆ ಒಳಗಿಂದೂ ಸಾಯುತ್ತೆ, ಕಮ್ಮಿ ಇಟ್ರೆ ಮೇಲಿನ ಕಸ ಬೆಳೆದು ಅದನ್ನೇ ಎಂಡೋಫೈಟ್ ಅಂತ ನಂಬ್ಕೊಂಡು ಕೂರ್ತೀವಿ. ಅದಕ್ಕೆ ತೊಳೆದ ಎಲೆಯನ್ನ ಒಂದು ಪ್ಲೇಟ್ ಮೇಲೆ, ಅಂದ್ರೆ ಫಂಗಸ್ ಬೆಳೆಸೋಕೆ ಅಗಾರ್ ಅನ್ನೋ ಜೆಲ್ಲಿ ಹಾಕಿದ ತಟ್ಟೆ ಮೇಲೆ, ಮುದ್ರೆ ಒತ್ತೋ ಹಾಗೆ ಒತ್ತಿ ತೆಗೆದು ಇಡೋದು, ಕೊನೇ ನೀರನ್ನೂ ಒಂದು ಪ್ಲೇಟಿಗೆ ಹಾಕೋದು. ಈ ಎರಡೂ ಪ್ಲೇಟ್ ವಾರವಾದ್ರೂ ಏನೂ ಬೆಳೆಯದೆ ಖಾಲಿ ಇದ್ರೆ ಮಾತ್ರ ಮಿಕ್ಕಿದ್ದನ್ನ ನಂಬಬಹುದು. ಎಷ್ಟೋ ಪ್ರಾಜೆಕ್ಟ್ ರಿಪೋರ್ಟಲ್ಲಿ ಈ ಎರಡು ಪ್ಲೇಟಿನ ಮಾತೇ ಇರಲ್ಲ, ನನಗೆ ಅದು ಬೇಜಾರಿನ ವಿಷಯ.

ಆಮೇಲೆ ಎಲೆಯನ್ನ ಸ್ಟೆರೈಲ್ ಬ್ಲೇಡಲ್ಲಿ ಅರ್ಧ ಸೆಂಟಿಮೀಟರ್ ಚೌಕ ಚೌಕ ಕತ್ತರಿಸಿ ಆಲೂಗಡ್ಡೆ ಅಗಾರ್ ಮೇಲೆ ಇಟ್ಟೆ, ಬ್ಯಾಕ್ಟೀರಿಯಾ ಬರದಿರಲಿ ಅಂತ ಕ್ಲೋರಾಂಫೆನಿಕಾಲ್ ಹಾಕಿ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಬೆಳಿಗ್ಗೆ ಪ್ಲೇಟನ್ನ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಚೂರಿನ ಕತ್ತರಿಸಿದ ಅಂಚಿಂದ, ಅಂಚಿಂದ ಮಾತ್ರ, ಜೇಡರ ಬಲೆಯ ಒಂದೆಳೆ ಹಾಗೆ ಬಿಳಿ ಬಿಳಿ ಆಚೆ ಬಂದಿತ್ತು. ಎಲೆ ಮೇಲ್ಮೈ ಇನ್ನೂ ಹಸಿರು, ನುಣುಪು. ಒಳಗಿದ್ದಿದ್ದು ಬಾಗಿಲು ಸಿಕ್ಕಿದ ಕಡೆಯಿಂದ ಆಚೆ ಬರ್ತಿದೆ ಅಂತ ಗೊತ್ತಾಗೋಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇನ್ನೇನಿದೆ. ಆ ಎಳೆಯ ತುದಿಯನ್ನ ಬೇರೆ ಪ್ಲೇಟಿಗೆ ಎತ್ತಿ ಹಾಕಿ ಪ್ಯೂರ್ ಮಾಡ್ಕೊಂಡೆ. ಮೂರನೇ ಮರದ ಏಳನೇ ಚೂರು, ಅದಕ್ಕೆ ಮೂರು-ಏಳು ಅಂತ ಹೆಸರಿಟ್ಟೆ.

ಯಾವುದು ಏನು ಎಂಜೈಮ್ ಮಾಡುತ್ತೆ ಅಂತ ಮೊದಲು ನೋಡೋದು ಪ್ಲೇಟಲ್ಲೇ. ಸೆಲ್ಯುಲೇಸ್‌ಗೆ ಕಾಂಗೋ ರೆಡ್ ಅನ್ನೋ ಬಣ್ಣ, ಪ್ರೋಟಿಯೇಸ್‌ಗೆ ಹಾಲಿನ ಪುಡಿ ಹಾಕಿದ ಅಗಾರ್, ಲ್ಯಾಕೇಸ್‌ಗೆ ಗ್ವಾಯಕಾಲ್ ಅನ್ನೋ ರಾಸಾಯನಿಕ. ನಂದು ಅಮೈಲೇಸ್, ಅದಕ್ಕೆ ಬರೀ ಪಿಷ್ಟದ ಅಗಾರ್ ಮತ್ತು ಅಯೋಡಿನ್ ಸಾಕು. ಮೂರು ದಿನ ಬೆಳೆಸಿ ಮೇಲೆ ಅಯೋಡಿನ್ ಸುರಿದ್ರೆ ಪ್ಲೇಟ್ ಪೂರ್ತಿ ನೀಲಿ ಕಪ್ಪಾಗುತ್ತೆ, ಫಂಗಸ್ ಸುತ್ತ ಎಲ್ಲಿ ಪಿಷ್ಟ ಕರಗಿ ಹೋಗಿದೆಯೋ ಅಷ್ಟು ಜಾಗ ಮಾತ್ರ ತಿಳಿ ಹಳದಿ. ಮಿಕ್ಕ ಚೂರುಗಳಿಂದ ಬಂದ ಫಂಗಸ್‌ಗಳಿಗೆಲ್ಲ ಉಂಗುರದಷ್ಟು ಬಂತು, ಮೂರು-ಏಳಕ್ಕೆ ಬಳೆಯಷ್ಟು. ಅವತ್ತು ರಾತ್ರಿ ಮನೇಲಿ ಫೋನಲ್ಲಿ ಫೋಟೋ ತೋರಿಸಿದಾಗ ಅಮ್ಮ ಏನಿದು ಅಂದ್ರು. ಮೊಳಕೆ ಕಟ್ಟಿದ ರಾಗಿ ಹಿಟ್ಟಿಂದ ಗಂಜಿ ಮಾಡಿದ್ರೆ ಬರೀ ರಾಗಿ ಗಂಜಿಗಿಂತ ತೆಳ್ಳಗಾಗುತ್ತಲ್ಲ, ಅದನ್ನ ತೆಳ್ಳಗೆ ಮಾಡೋದು ಇದೇ ಅಂದೆ. ಮೊಳಕೆಯಲ್ಲಿ ಅಮೈಲೇಸ್ ಹುಟ್ಟುತ್ತೆ, ಗಂಜಿ ಬಿಸಿಯಾಗೋವಾಗ ಪಿಷ್ಟದ ಉದ್ದ ಸರಪಳಿಯನ್ನ ತುಂಡು ತುಂಡು ಮಾಡುತ್ತೆ. "ಅದಕ್ಕೇ ಜಾಸ್ತಿ ಹುರೀಬಾರದು ಅನ್ನೋದು" ಅಂದ್ರು ಅಮ್ಮ. ಹೌದು, ಮೊಳಕೆ ರಾಗಿ ಜಾಸ್ತಿ ಹುರಿದ್ರೆ ಎಂಜೈಮ್ ಸತ್ತುಹೋಗುತ್ತೆ, ಗಂಜಿ ಮತ್ತೆ ಗಟ್ಟಿ. ನಾನು ಒಂದು ಕ್ಲಾಸಲ್ಲಿ ಹೇಳೋದನ್ನ ಅವರು ಒಂದು ಮಾತಲ್ಲಿ ಹೇಳಿದ್ರು, ಈಗ ಕ್ಲಾಸಲ್ಲೂ ಆ ಮಾತಿಂದಲೇ ಶುರು ಮಾಡ್ತೀನಿ.

ಆ ಹಳದಿ ಬಳೆ ನೋಡಿ ಕೆಲಸ ಮುಗೀತು ಅಂದ್ಕೊಳ್ಳೋದೇ ನಮ್ಮಲ್ಲಿ ಆಗ್ತಿರೋ ತಪ್ಪು, ನಾನು ಇವತ್ತು ಬರೆಯೋಕೆ ಕೂತಿರೋದು ಆ ಬಳೆಯಿಂದ ಆಚೆಗಿನ ಕೆಲಸದ ಬಗ್ಗೆ. ಪ್ಲೇಟಲ್ಲಿ ಬಳೆ ಬಂತು ಅಂದ್ರೆ ಎಂಜೈಮ್ ಇದೆ ಅಂತ ಅಷ್ಟೇ. ಎಷ್ಟಿದೆ, ಎಷ್ಟು ಬಿಸಿ ತಡೆಯುತ್ತೆ, ಕೆಜಿಗಟ್ಟಲೆ ಬೂಸಾದಲ್ಲೂ ಹಾಗೇ ಬರುತ್ತಾ, ಮುಂದಿನ ವರ್ಷನೂ ಇದೇ ಫಂಗಸ್ ಇದೇ ಕೆಲಸ ಮಾಡುತ್ತಾ, ಇದ್ಯಾವುದನ್ನೂ ಅದು ಹೇಳಲ್ಲ.

ಬೂಸಾ ಅಂದೆ, ಅದರ ಬಗ್ಗೆ ಹೇಳ್ಬೇಕು. ಫಂಗಸ್‌ನ ದೊಡ್ಡ ಟ್ಯಾಂಕಿನ ನೀರಲ್ಲಿ ಬೆಳೆಸೋದು ಒಂದು ದಾರಿ, ಇನ್ನೊಂದು ನೀರು ನಿಲ್ಲದ ಹಾಗೆ ಬರೀ ತೇವ ಮಾಡಿದ ಗೋಧಿ ಬೂಸಾ ಮೇಲೆ ಬೆಳೆಸೋದು, ಇದಕ್ಕೆ ಸಾಲಿಡ್ ಸ್ಟೇಟ್ ಫರ್ಮೆಂಟೇಶನ್ ಅಂತಾರೆ. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಜಪಾನಿನ ಜೋಕಿಚಿ ತಕಾಮಿನೆ 1894ರಲ್ಲಿ ಪೇಟೆಂಟ್ ತಗೊಂಡಿದ್ದು ಹೀಗೇ ಬೂಸಾ ಮೇಲೆ ಬೆಳೆಸಿದ ಆಸ್ಪರ್ಜಿಲಸ್ ಒರೈಜೆಯ ಅಮೈಲೇಸ್‌ಗೆ, ಅದು ಟಾಕಾಡಯಾಸ್ಟೇಸ್ ಅನ್ನೋ ಹೆಸರಲ್ಲಿ ಅಜೀರ್ಣದ ಔಷಧಿಯಾಗಿ ಮಾರಾಟ ಆಯ್ತು. ಜಪಾನಲ್ಲಿ ಅನ್ನದ ಮೇಲೆ ಈ ಫಂಗಸ್ ಬೆಳೆಸಿ ಕೋಜಿ ಅನ್ನೋ ಹುದುಗು ಮಾಡೋದು ತಲೆತಲಾಂತರದ ವಿದ್ಯೆ, ತಕಾಮಿನೆ ಅದನ್ನ ಫ್ಯಾಕ್ಟರಿಗೆ ತಂದ್ರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಬಿ.ಕೆ. ಲೋನ್ಸಾನೆ ಮತ್ತೆ ಅವರ ಜೊತೆಯವರು ಇದರ ಮೇಲೆ ಗಟ್ಟಿ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಬಯೋಕಾನ್ ಕಂಪನಿ 1978ರಲ್ಲಿ ಶುರುವಾದಾಗ ಮಾಡ್ತಿದ್ದಿದ್ದು ಪರಂಗಿ ಹಾಲಿನ ಪಪೈನ್ ಎಂಜೈಮ್, ಮುಂದೆ ಫಂಗಸ್ ಎಂಜೈಮ್‌ಗಳನ್ನೂ ಮಾಡ್ತು, 2007ರಲ್ಲಿ ಎಂಜೈಮ್ ವ್ಯಾಪಾರವನ್ನ ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರ್ತು. ಅಂದ್ರೆ ಈ ವಿದ್ಯೆ ನಮಗೆ ಎಲ್ಲಿಂದಲೋ ಬರಬೇಕಾದ್ದಲ್ಲ, ನಮ್ಮ ರಾಜ್ಯದಲ್ಲೇ ಇತ್ತು.

ಬೂಸಾ ಹದ ಮಾಡೋದು ಕೈಗೆ ಬರಬೇಕು. ಪುಸ್ತಕದಲ್ಲಿ ನೀರು 60ರಿಂದ 65 ಪರ್ಸೆಂಟ್ ಅಂತಿರುತ್ತೆ. ಕೈಲಿ ಹೇಳೋದಾದ್ರೆ ತಂಬಿಟ್ಟಿನ ಹದ, ಮುಷ್ಟೀಲಿ ಹಿಡಿದ್ರೆ ಉಂಡೆ ನಿಲ್ಲಬೇಕು, ಬೆರಳ ಸಂದಿಂದ ನೀರು ತೊಟ್ಟಿಕ್ಕಬಾರದು, ಹೆಬ್ಬೆರಳಲ್ಲಿ ಒತ್ತಿದ್ರೆ ಉದುರಬೇಕು. ನೀರು ಜಾಸ್ತಿಯಾದ್ರೆ ಬೂಸಾ ಅಂಟಂಟಾಗಿ ಗಾಳಿ ಹೋಗೋಕೆ ಜಾಗ ಇಲ್ಲದೆ ಬ್ಯಾಕ್ಟೀರಿಯಾ ಬಂದು ಹುಳಿ ವಾಸನೆ ಹೊಡೆಯುತ್ತೆ, ಕಮ್ಮಿಯಾದ್ರೆ ಫಂಗಸ್ ಮೇಲ್ಮೇಲೆ ಹರಡಿ ನಿಂತುಬಿಡುತ್ತೆ. 10 ಗ್ರಾಂ ಬೂಸಾ ಫ್ಲಾಸ್ಕಿಗೆ ಹಾಕಿ ಆಟೋಕ್ಲೇವ್ ಮಾಡಿ ಮೂರು-ಏಳು ಹಾಕ್ದೆ. ಇದು ಪ್ಲೇಟಲ್ಲಿ ಸ್ಪೋರ್ ಬಿಡಲ್ಲ, ಅದಕ್ಕೆ ಅಗಾರ್ ಸಮೇತ ಬಿಲ್ಲೆ ಬಿಲ್ಲೆ ಕತ್ತರಿಸಿ ಹಾಕ್ಬೇಕು. ಸ್ಪೋರ್ ಆದ್ರೆ ನೀರಲ್ಲಿ ಕಲಸಿ ಸಮವಾಗಿ ಹರಡಬಹುದು, ಬಿಲ್ಲೆ ಹಾಗಲ್ಲ, ಒಂದು ಕಡೆ ದಟ್ಟ ಒಂದು ಕಡೆ ಬೋಳು ಆಗುತ್ತೆ, ದಿನಾ ಫ್ಲಾಸ್ಕನ್ನ ಅಂಗೈಗೆ ತಟ್ಟಿ ಕಲಸ್ತಾ ಇರ್ಬೇಕು. ಐದನೇ ದಿನಕ್ಕೆ ಬೂಸಾ ಒಂದೊಂದು ಸಿಪ್ಪೆಯನ್ನೂ ಬಿಳಿ ನೂಲು ಹೊಲಿದು ಹಿಡಿದಂಗೆ ಆಗಿ, ಫ್ಲಾಸ್ಕಿನ ಬಾಯಿಗೆ ತುರುಕಿದ್ದ ಹತ್ತಿ ತೆಗೆದಾಗ ಮಳೆಗಾಲದಲ್ಲಿ ತೋಟದ ತರಗು ಸರಿಸಿದ್ರೆ ಬರೋ ವಾಸನೆ ಬಂತು.

ಬೂಸಾನ ಬಫರಲ್ಲಿ, ಅಂದ್ರೆ ಹುಳಿ ಹೆಚ್ಚುಕಮ್ಮಿ ಆಗದ ಹಾಗೆ ಕಾಯೋ ದ್ರಾವಣದಲ್ಲಿ, ನೆನೆಸಿ ಅಲ್ಲಾಡಿಸಿ ತೆಳು ಬಟ್ಟೇಲಿ ಹಿಂಡಿದ್ರೆ ಬರೋ ಕಂದು ನೀರೇ ಕಚ್ಚಾ ಎಂಜೈಮ್. ಅಳೆಯೋದು ಡಿಎನ್‌ಎಸ್ ವಿಧಾನದಲ್ಲಿ, ಡಿಎನ್‌ಎಸ್ ಅಂದ್ರೆ ಸಕ್ಕರೆ ಸಿಕ್ಕರೆ ಬಣ್ಣ ಬದಲಿಸೋ ಒಂದು ರಾಸಾಯನಿಕ, ವಿಧಾನ ಮಿಲ್ಲರ್ ಅವರು 1959ರಲ್ಲಿ ಬರೆದಿದ್ದು, ಲೋಕದ ಎಲ್ಲ ಲ್ಯಾಬಲ್ಲೂ ಇವತ್ತಿಗೂ ನಡೀತಿದೆ. ಎಂಜೈಮನ್ನ ಪಿಷ್ಟದ ಜೊತೆ ಹತ್ತು ನಿಮಿಷ ಬಿಟ್ಟು, ಡಿಎನ್‌ಎಸ್ ಹಾಕಿ ಕುದಿಸಿದ್ರೆ, ಎಷ್ಟು ಸಕ್ಕರೆ ಬಿಡುಗಡೆಯಾಗಿದೆಯೋ ಅಷ್ಟು ಹಳದಿಯಿಂದ ಇಟ್ಟಿಗೆ ಕೆಂಪಿಗೆ ತಿರುಗುತ್ತೆ, 540 ನ್ಯಾನೋಮೀಟರಲ್ಲಿ ರೀಡಿಂಗ್. ನಂದು ಎಷ್ಟು ಕೆಂಪಾಯ್ತು ಅಂದ್ರೆ ಮೂರು ಸಲ ನೀರು ಬೆರೆಸಿ ಓದಬೇಕಾಯ್ತು. ಖುಷಿಯಲ್ಲಿ ಬೋರ್ಡ್ ಮೇಲೆ ಬರೆದೂ ಬಿಟ್ಟೆ. ಎರಡನೇ ವರ್ಷದ ಒಬ್ಬ ಹುಡುಗಿ ಹಿಂದೆ ನಿಂತಿದ್ದಳು, "ಮೇಡಂ, ಫಂಗಸ್ ಹಾಕದೆ ಇರೋ ಬೂಸಾ ಎಷ್ಟು ತೋರಿಸುತ್ತೆ?" ಅಂದಳು.

ಅದನ್ನ ನಾನು ಓದಿಯೇ ಇರಲಿಲ್ಲ. ಬೂಸಾದಲ್ಲಿ ಅದರದ್ದೇ ಸಕ್ಕರೆ ಇರುತ್ತೆ, ಫಂಗಸ್ ಐದು ದಿನ ಬೂಸಾನ ಅರಗಿಸುವಾಗ ಬಿಟ್ಟ ಸಕ್ಕರೆನೂ ಆ ಕಂದು ನೀರಲ್ಲಿ ಇರುತ್ತೆ, ಡಿಎನ್‌ಎಸ್‌ಗೆ ಯಾವ ಸಕ್ಕರೆ ಯಾರದ್ದು ಅಂತ ಗೊತ್ತಾಗಲ್ಲ, ಎಲ್ಲಕ್ಕೂ ಕೆಂಪಾಗುತ್ತೆ. ಪ್ರತಿಯೊಂದು ಸ್ಯಾಂಪಲ್‌ಗೂ ಅದರದ್ದೇ ಒಂದು ಬ್ಲ್ಯಾಂಕ್ ಇಡಬೇಕು, ಅದೇ ಎಂಜೈಮ್ ನೀರನ್ನ, ಡಿಎನ್‌ಎಸ್ ಮೊದಲೇ ಹಾಕಿ ಎಂಜೈಮನ್ನ ಕೊಂದು ಆಮೇಲೆ ಪಿಷ್ಟಕ್ಕೆ ಸೇರಿಸಿ, ಬಂದ ರೀಡಿಂಗನ್ನ ಕಳೀಬೇಕು. ಹಾಗೆ ಕಳೆದಾಗ ಬೋರ್ಡ್ ಮೇಲಿದ್ದ ನಂಬರ್ ಅರ್ಧಕ್ಕಿಂತ ಕೆಳಗೆ ಬಂತು. ಅವತ್ತು ಸಂಜೆ ಆ ಹುಡುಗಿ ಕೈಯಲ್ಲೇ ಎಲ್ಲ ಮತ್ತೆ ಮಾಡಿಸಿದೆ, ಉಳಿದ ಅರ್ಧ ಮಾತ್ರ ನಿಜ, ಆದ್ರೆ ಅದು ಗಟ್ಟಿ ನಿಜ, ಮೂರು ಸಲ ಮಾಡಿದ್ರೂ ಅಲ್ಲೇ ನಿಂತಿತ್ತು.

ಬೆಳವಣಿಗೆ ಜಾಸ್ತಿಯಾಗಲಿ ಅಂತ ಒಂದು ಬ್ಯಾಚಿಗೆ ಬೆಲ್ಲದ ನೀರು ಹಾಕಿ ನೋಡಿದ್ವಿ. ಫಂಗಸ್ ಹಾಸಿಗೆ ಹಾಗೆ ದಪ್ಪಗೆ ಬಂತು, ಎಂಜೈಮ್ ಬಿದ್ದೇ ಹೋಯ್ತು. ಸುಲಭದ ಸಕ್ಕರೆ ಕೈಗೆ ಸಿಕ್ಕಾಗ ಪಿಷ್ಟ ಒಡೆಯೋ ಜೀನ್‌ಗಳನ್ನ ಅದು ಮುಚ್ಚಿಬಿಡುತ್ತೆ, ಊಟ ತಟ್ಟೆಗೇ ಬಂದ್ರೆ ಯಾರು ಒಲೆ ಹಚ್ತಾರೆ. ಮಧುಗಿರಿಯ ಒಂದು ಗಾಣದಿಂದ ಕಡ್ಲೆಕಾಯಿ ಹಿಂಡಿ ತಂದು ಬೂಸಾಗೆ ಹತ್ತರಲ್ಲಿ ಒಂದು ಪಾಲು ಸೇರಿಸಿದ್ದು ಮಾತ್ರ ಚೆನ್ನಾಗಿ ಒದಗಿತು, ಅದರ ಸಾರಜನಕ ಬೂಸಾದಲ್ಲಿ ಕಮ್ಮಿ ಇದ್ದಿದ್ದನ್ನ ತುಂಬ್ತು ಅಂತ ಕಾಣುತ್ತೆ. ತಿಪಟೂರಿನ ಕೊಬ್ಬರಿ ಹಿಂಡಿ ಲೈಪೇಸ್ ಮಾಡೋ ಫಂಗಸ್‌ಗಳಿಗೆ ಇಟ್ಟಿದ್ದೀನಿ, ಅದರಲ್ಲಿ ಎಣ್ಣೆ ಅಂಶ ಉಳಿದಿರುತ್ತಲ್ಲ, ಲೈಪೇಸ್ ಬಿಡೋಕೆ ಅದೇ ಪ್ರೇರಣೆ.

ಇನ್ನು ಟ್ರೇ. ಹತ್ತು ಗ್ರಾಂ ಅಲ್ಲ, ಎರಡು ಕೆಜಿ ಬೂಸಾನ ಅಲ್ಯೂಮಿನಿಯಂ ಟ್ರೇನಲ್ಲಿ ನಾಲ್ಕು ಬೆರಳು ದಪ್ಪ ಹಾಕಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. ಎರಡನೇ ದಿನ ರಾತ್ರಿ ಎಂಟಕ್ಕೆ ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿದ್ರೆ ಕೋಣೆ 28 ಡಿಗ್ರಿ ಇದ್ದಾಗ ಒಳಗೆ 44. ಒದ್ದೆ ಕಡ್ಲೆಕಾಯಿ ರಾಶಿ ಒಳಗೆ ಕೈ ಹಾಕಿದವರಿಗೆ ಈ ಬಿಸಿ ಗೊತ್ತಿರುತ್ತೆ, ತಿಪ್ಪೆ ಕೆದಕಿದವರಿಗೂ. ಫಂಗಸ್ ಉಸಿರಾಡುತ್ತೆ, ಉಸಿರಾಡಿದ್ರೆ ಬಿಸಿ ಹುಟ್ಟುತ್ತೆ, ನೀರಿನ ಟ್ಯಾಂಕಲ್ಲಾದ್ರೆ ಆ ಬಿಸಿಯನ್ನ ನೀರು ಎಳ್ಕೊಂಡು ಸುತ್ತಲಿನ ಕೂಲಿಂಗ್ ಕೊಳವೆಗೆ ಕೊಡುತ್ತೆ, ಬೂಸಾ ಮಧ್ಯೆ ಇರೋದು ಗಾಳಿ, ಗಾಳಿ ಬಿಸಿಯನ್ನ ಬೇಗ ದಾಟಿಸಲ್ಲ. ಬೆಳಿಗ್ಗೆ ಹೊತ್ತಿಗೆ ನಡುವಿನದ್ದೆಲ್ಲ ಕಂದಾಗಿ ಬೆಂದಂಗಾಗಿತ್ತು, ಅಂಚಲ್ಲಿ ಮಾತ್ರ ಬಿಳಿ. ಗಾಳಿ ಊದಿದ್ರೆ ತಣ್ಣಗಾಗುತ್ತೆ ನಿಜ, ಆದ್ರೆ ನೀರು ಆವಿಯಾಗಿ ಬೂಸಾ ಒಣಗುತ್ತೆ, ತೇವದ ಗಾಳಿ ಊದಬೇಕು, ಅದರಲ್ಲೂ ಕಂಟಾಮಿನೇಶನ್ ಬರಬಾರದು. ಸಾಲಿಡ್ ಸ್ಟೇಟ್ ಫರ್ಮೆಂಟೇಶನ್ನಿನ ಇಂಜಿನಿಯರಿಂಗ್ ಪೂರ್ತಿ ಈ ಒಂದು ಬಿಸಿಯ ಜೊತೆ ಗುದ್ದಾಟ ಅಂತ ಪಾಠದಲ್ಲಿ ಎಷ್ಟು ಸಲ ಹೇಳಿದ್ದೆನೋ, ಆವತ್ತು ಬೆರಳಿಗೆ ಗೊತ್ತಾಯ್ತು. ಈಗ ಒಂದು ಬೆರಳು ದಪ್ಪಕ್ಕಿಂತ ಜಾಸ್ತಿ ಹಾಕಲ್ಲ, ಟ್ರೇ ಜಾಸ್ತಿ ಇಡ್ತೀವಿ.

ಇದೆಲ್ಲ ಆಗಿ ಬರೋ ಎಂಜೈಮ್ ನಾಳೆನೇ ಫ್ಯಾಕ್ಟರಿಗೆ ಹೋಗುತ್ತಾ ಅಂದ್ರೆ ಇಲ್ಲ, ಅದನ್ನೂ ಮುಚ್ಚಿಡಬಾರದು. ಪಿಷ್ಟದಿಂದ ಗ್ಲೂಕೋಸ್ ಸಿರಪ್ ಮಾಡೋ ದೊಡ್ಡ ಫ್ಯಾಕ್ಟರಿಗಳಿಗೆ 100 ಡಿಗ್ರಿ ಆಸುಪಾಸಲ್ಲಿ ಕೆಲಸ ಮಾಡೋ ಅಮೈಲೇಸ್ ಬೇಕು, ಅದು ಬ್ಯಾಸಿಲಸ್ ಬ್ಯಾಕ್ಟೀರಿಯಾದ್ದು, ಫಂಗಸ್ ಅಮೈಲೇಸ್ ಸಾಮಾನ್ಯವಾಗಿ 50–55ಕ್ಕೆ ಸುಸ್ತು. ಆದ್ರೆ ಬ್ರೆಡ್ಡಿಗೆ ಫಂಗಸಿಂದೇ ಒಳ್ಳೇದು, ಹಿಟ್ಟು ಹುದುಗೋವಾಗ ಕೆಲಸ ಮಾಡಿ ಒಲೆ ಬಿಸಿಗೆ ತಾನೇ ಸಾಯುತ್ತೆ, ಬ್ರೆಡ್ ಅಂಟಂಟಾಗಲ್ಲ. ಊಟಕ್ಕೆ ಹೋಗೋದಾದ್ರೆ ಫಂಗಸ್ ವಿಷ ಮಾಡಲ್ಲ ಅಂತ ಸಾಬೀತಾಗ್ಬೇಕು, ಕಡ್ಲೆಕಾಯಿ ಬೆಳೆಯೋ ನಮ್ಮ ಕಡೆಯವರಿಗೆ ಅಫ್ಲಾಟಾಕ್ಸಿನ್ ಅಂದ್ರೆ ಏನು ಅಂತ ಬಿಡಿಸಿ ಹೇಳೋದು ಬೇಡ. ಮೂರು-ಏಳರ ಐಟಿಎಸ್ ಸೀಕ್ವೆನ್ಸ್, ಅಂದ್ರೆ ಫಂಗಸ್ ಗುರುತು ಹಿಡಿಯೋಕೆ ಓದೋ ಡಿಎನ್‌ಎ ತುಂಡು, ಡಯಾಪೋರ್ಥೆ ಕುಲಕ್ಕೆ ಹತ್ತಿರ ಅಂತ ಬಂತು, ಆ ಕುಲದಲ್ಲಿ ಬೇರೆ ಬೆಳೆಗಳಿಗೆ ರೋಗ ತರೋವೂ ಇದಾವೆ, ಹಾಗಾಗಿ ಊಟದ ಮಾತು ನಾನು ಎತ್ತಲ್ಲ. ನೂಲಿಗೆ ಹಚ್ಚಿದ ಗಂಜಿ ತೆಗೆಯೋ ಕೆಲಸಕ್ಕೆ ಆಗಬಹುದು, ಮಗ್ಗದಲ್ಲಿ ಹಾಸು ಕಿತ್ತುಹೋಗದಿರಲಿ ಅಂತ ಗಂಜಿ ಹಚ್ತಾರೆ, ನೇಯ್ದ ಮೇಲೆ ಬಣ್ಣ ಕುಡೀಬೇಕಾದ್ರೆ ಅದು ಹೋಗ್ಬೇಕು, ಆಸಿಡ್ ಹಾಕಿದ್ರೆ ನೂಲೂ ಸವೆಯುತ್ತೆ, ಅಮೈಲೇಸ್ ಹತ್ತಿ ನೂಲನ್ನ ಮುಟ್ಟಲ್ಲ. ಇನ್ನೊಂದು ದಾರಿ, ಒಳ್ಳೆ ಎಂಜೈಮಿನ ಜೀನ್ ಮಾತ್ರ ತಗೊಂಡು ಆಸ್ಪರ್ಜಿಲಸ್ ಒರೈಜೆ ಒಳಗೆ ಹಾಕಿ ಬೆಳೆಸೋದು. 1988ರಲ್ಲಿ ಡಿಟರ್ಜೆಂಟಿಗೆ ಬಂದ ಲೈಪೊಲೇಸ್ ಅನ್ನೋ ಲೈಪೇಸ್ ಹಾಗೇ ಮಾಡಿದ್ದು, ಜೀನ್ ಬಿಸಿ ಇಷ್ಟಪಡೋ ಒಂದು ಫಂಗಸ್‌ದು, ದುಡಿಯೋದು ಒರೈಜೆ. ಹಾಗೆ ನೋಡಿದ್ರೆ ನಮ್ಮ ಹೊಂಗೆ ಫಂಗಸ್ ತಾನೇ ಫ್ಯಾಕ್ಟರಿ ಆಗ್ಬೇಕಿಲ್ಲ, ಅದರ ಹತ್ರ ಇರೋ ವಿದ್ಯೆ ಉಳಿದ್ರೆ ಸಾಕು.

ಉಳಿಸಿಕೊಳ್ಳೋದೇ ಕಷ್ಟ. ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಂಬರ್ ಇಳಿಯೋಕೆ ಶುರುವಾಯ್ತು. ಬೂಸಾ ಬೇರೆ ಚೀಲದ್ದು ಅಂದ್ಕೊಂಡ್ವಿ, ಬಫರ್ ಮತ್ತೆ ಮಾಡಿದ್ವಿ, ಡಿಎನ್‌ಎಸ್ ಹೊಸದು ತರಿಸಿದ್ವಿ. ಕೊನೆಗೆ ಪಿಷ್ಟದ ಪ್ಲೇಟ್ ಹಾಕಿ ಅಯೋಡಿನ್ ಸುರಿದ್ರೆ ಬಳೆ ಹೋಗಿ ಉಂಗುರ ಆಗಿತ್ತು. ಹದಿನೈದು ದಿನಕ್ಕೊಂದು ಸಲ ಹೊಸ ಪ್ಲೇಟಿಗೆ ಎತ್ತಿ ಹಾಕಿ ಸಬ್‌ಕಲ್ಚರ್ ಮಾಡ್ತಾ ಮಾಡ್ತಾ, ಕೂತಲ್ಲೇ ಊಟ ಸಿಗೋ ಆಲೂಗಡ್ಡೆ ಅಗಾರ್ ಮೇಲೆ ಅದು ತನ್ನ ಕಸುಬನ್ನ ಬಿಟ್ಟಿತ್ತು. ಎಂಡೋಫೈಟ್‌ಗಳಲ್ಲಿ ಇದು ಹೊಸದಲ್ಲ, ಗಿಡದಿಂದ ಆಚೆ ಬಂದು ಪ್ಲೇಟಿಂದ ಪ್ಲೇಟಿಗೆ ಹೋಗ್ತಾ ಹೋಗ್ತಾ ಗಿಡದ ಒಳಗಿದ್ದಾಗಿನ ಗುಣ ಕಳ್ಕೊಳ್ಳೋದು ಎಷ್ಟೋ ಜನ ಕಂಡಿದ್ದಾರೆ.

ಮರ ಅಲ್ಲೇ ಇದೆಯಲ್ಲ ಅಂತ ಮೇ ತಿಂಗಳಲ್ಲಿ ಮತ್ತೆ ಹೋದೆ. ಅದೇ ಮೂರನೇ ಮರ, ಅದೇ ಕೊಂಬೆ. ಹಳೇ ಎಲೆ ಎಲ್ಲ ಉದುರಿ ಹೊಸದು ಬಂದಿತ್ತು, ಮಳೆ ಇಲ್ಲ, ಸಿಕ್ಕಿದ ಎರಡು ಮೂರು ಫಂಗಸ್ ಯಾವುದೂ ಅದಲ್ಲ. ಎಲೆ ಒಳಗಿನ ಒಕ್ಕಲು ಋತುವಿಗೊಂದು ಥರ, ಅದೇ ಮರಕ್ಕೆ ವಾಪಸ್ ಹೋಗ್ಬಹುದು ಅಂತ ಮೇಲೆ ಬರೆದೆನಲ್ಲ, ಮರಕ್ಕೆ ಹೋಗ್ಬಹುದು, ಆ ದಿನಕ್ಕೆ ಆಗಲ್ಲ. ನಾಲ್ಕು ದಿನ ಲ್ಯಾಬ್ ಕಡೆ ಹೋಗೋಕೆ ಮನಸ್ಸೇ ಬರಲಿಲ್ಲ.

ಬ್ಲ್ಯಾಂಕ್ ಕೇಳಿದ್ದ ಹುಡುಗೀನೇ ನೆನಪು ಮಾಡಿದ್ದು. ನವೆಂಬರಲ್ಲಿ ಮೊದಲ ಪ್ಯೂರ್ ಪ್ಲೇಟಿಂದ ಪ್ರಾಕ್ಟಿಕಲ್ ತೋರಿಸೋಕೆ ಅಂತ ನಾವು ಕ್ಯಾಸ್ಟೆಲಾನಿ ವಿಧಾನ ಮಾಡಿದ್ವಿ, 1939ರದ್ದು, ಬಹಳ ಸರಳ. ಫಂಗಸ್ ಬೆಳೆದ ಅಗಾರಿನ ಸಣ್ಣ ತುಂಡುಗಳನ್ನ ಸ್ಟೆರೈಲ್ ಡಿಸ್ಟಿಲ್ಡ್ ನೀರಲ್ಲಿ ಮುಳುಗಿಸಿ ಬಿರಡೆ ಬಿಗಿ ಮಾಡಿ ಇಟ್ಟುಬಿಡೋದು, ಫ್ರೀಜರ್ ಬೇಡ, ಕರೆಂಟ್ ಬೇಡ. ಊಟ ಇಲ್ಲದ ನೀರಲ್ಲಿ ಫಂಗಸ್ ಬೆಳೆಯಲ್ಲ, ಸಾಯೋದೂ ಇಲ್ಲ, ವರ್ಷಗಟ್ಟಲೆ ಹಾಗೇ ಇರುತ್ತೆ. ಆ ನಾಲ್ಕು ಬಾಟಲಿ ಕಪಾಟಿನ ಕೆಳಗಿನ ಅರೆಯಲ್ಲಿ ಹಳೇ ಟೆಸ್ಟ್‌ಟ್ಯೂಬ್ ಸ್ಟ್ಯಾಂಡಿನ ಹಿಂದೆ ಇದ್ವು, ಒಂದರ ಲೇಬಲ್ ಮೇಲೆ ಅವಳ ಕೈಬರಹದಲ್ಲಿ ಮೂರು-ಏಳು, ತಾರೀಕು ಸಮೇತ.

ತುಂಡು ತೆಗೆದು ಪಿಷ್ಟ ಬಿಟ್ಟು ಬೇರೆ ಊಟ ಇಲ್ಲದ ಅಗಾರ್ ಮೇಲೆ ಇಟ್ವಿ. ಆರು ದಿನ ತಗೊಳ್ತು ಏಳೋಕೆ. ಹೋದ ವಾರ ಅದರ ಮೇಲೆ ಅಯೋಡಿನ್ ಸುರಿದದ್ದು ಅವಳೇ. ಪ್ಲೇಟ್ ಮಸಿ ಕುಡಿದಂಗೆ ಕಪ್ಪಾಗ್ತಾ ಬಂತು, ನಡುವೆ ಬಿಳಿ ಫಂಗಸ್, ಅದರ ಸುತ್ತ ತಿಳಿ ಹಳದಿ ಬಳೆ, ಸ್ಕೇಲ್ ಇಟ್ಟು ನೋಡಿದ್ವಿ, ನವೆಂಬರಿನ ನೋಟ್‌ಬುಕ್ಕಲ್ಲಿ ಬರೆದಿದ್ದ ಅಳತೆಗೆ ಒಂದು ಮಿಲಿಮೀಟರ್ ಮಾತ್ರ ಕಮ್ಮಿ. ಈಗ ಹನ್ನೆರಡು ಬಾಟಲಿ ಮಾಡಿದ್ದೀವಿ, ಗ್ಲಿಸರಾಲಲ್ಲಿ ಬೇರೆ ಆರು. ಎರಡನ್ನ ಪುಣೆಯ ಅಗರ್ಕರ್ ಸಂಸ್ಥೆಯಲ್ಲಿರೋ ರಾಷ್ಟ್ರೀಯ ಫಂಗಸ್ ಸಂಗ್ರಹಕ್ಕೆ ಕಳಿಸೋಕೆ ಫಾರಂ ತುಂಬ್ತಿದ್ದೀನಿ. ಅದರಲ್ಲಿ ಎಲ್ಲಿಂದ ಸಿಕ್ತು ಅಂತ ಒಂದು ಕಾಲಂ ಇದೆ, ನಮ್ಮೂರ ಹೆಸರು, ಪಂಚಾಯ್ತಿ ಹೆಸರು ಎರಡೂ ಬರೀತೀನಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗೊಂದು ಜೀವವೈವಿಧ್ಯ ಸಮಿತಿ, ಅವರ ಹತ್ರ ಊರಿನ ಗಿಡಮರಗಳ ದಾಖಲೆ ಇರಬೇಕು, ನಾಳೆ ಇದರಿಂದ ಯಾರಾದ್ರೂ ದುಡ್ಡು ಮಾಡಿದ್ರೆ ಊರಿಗೂ ಪಾಲು ಕೇಳೋಕೆ ದಾರಿ ಇದೆ. ದಾಖಲೆಯಲ್ಲಿ ಹೊಂಗೆ ಮರ ಇದೆಯಾ ಅಂತ ಸೋಮವಾರ ಹೋಗಿ ಕೇಳ್ತೀನಿ, ಇದ್ರೆ ಅದರ ಎಲೆ ಒಳಗಿನದ್ದನ್ನೂ ಸೇರಿಸೋಕೆ ಹೇಳ್ತೀನಿ. ಬೂಸಾ ತಂದಾಗಿದೆ, ಒಂದು ಬೆರಳು ದಪ್ಪಕ್ಕೆ ಎಂಟು ಟ್ರೇ ಆಗುತ್ತೆ.